ಬ್ಯಾಗಿನಲ್ಲೇ ಇದ್ದ ನೋಟ್ಸ್

೨೧ ನವೆಂಬರ್ ೨೦೨೫, ಶುಕ್ರವಾರ. ಬೈರಕೂರು.

ಇಂದು ಸುಳ್ಳು ಹೇಳಿದೆ, ಅದೂ ತ್ರಿವೇಣಿಗೆ.

ಸೋಮವಾರ ವಿದ್ಯಾರ್ಥಿವೇತನದ ಪರೀಕ್ಷೆ. ನಮ್ಮ ಕಾಲೇಜಿನಿಂದ ಒಬ್ಬರಿಗೆ ಮಾತ್ರ, ಹೆಚ್ಚು ಅಂಕ ಬಂದವರಿಗೆ. ಅದು ಸಿಗದಿದ್ದರೆ ಪಿಯುಸಿ ಮುಗಿದ ಕೂಡಲೇ ಅಪ್ಪ ನನ್ನನ್ನು ನರಸಾಪುರದ ಕಾರ್ಖಾನೆ ಬಸ್ಸು ಹತ್ತಿಸುತ್ತಾರೆ. ತ್ರಿವೇಣಿಗೂ ಬೇರೆ ದಾರಿಯಿಲ್ಲ. ಅವಳ ಮನೆಯ ರೇಷ್ಮೆಹುಳುಗಳು ನಾಲ್ಕನೇ ಜ್ವರದಿಂದ, ಅಂದರೆ ಕೊನೆಯ ಸಲ ಪೊರೆ ಬಿಡುವ ನಿದ್ದೆಯಿಂದ, ಎದ್ದು ಹಸಿದಿದ್ದವು; ಅವಕ್ಕೆ ಸೊಪ್ಪು ಹಾಕುತ್ತ ಅವಳು ಒಂದು ವಾರ ಕಾಲೇಜಿಗೇ ಬಂದಿರಲಿಲ್ಲ. ಇಂದು ಬಸ್‌ಸ್ಟಾಪಿನಲ್ಲಿ ಕೈ ಚಾಚಿದಳು.

“ಕೆಮಿಸ್ಟ್ರಿ ನೋಟ್ಸ್ ಕೊಡೇ. ‘ವಿದ್ಯೆ ಯಾರಪ್ಪನ ಆಸ್ತಿನೂ ಅಲ್ಲ’ ಅಂತ ಭಾಷಣ ಬಿಗಿದೋಳು ನೀನೇ ತಾನೇ?”

“ಸುನಂದ ಮೇಡಂ ಇಸ್ಕೊಂಡಿದಾರೆ ಕಣೇ,” ಎಂದೆ.

“ಹೋಗ್ಲಿ ಬಿಡು. ನಿಂಗ್ ಬಂದ್ರೂ ನಮ್ಮಿಬ್ರಲ್ಲಿ ಒಬ್ರಿಗೆ ಬಂದಂಗೇ,” ಎಂದು ನಕ್ಕಳು.

ಹಸಿದ ಇಬ್ಬರ ನಡುವೆ ಒಂದೇ ತಟ್ಟೆ ಇಟ್ಟು, ಅದಕ್ಕೆ ಪ್ರತಿಭೆಯ ಹೆಸರು ಕೊಡುವವರನ್ನು ಬೈದು ಗೋಡೆಪತ್ರಿಕೆಯಲ್ಲಿ ಬರೆದವಳು ನಾನು. ಈಗ ಆ ತಟ್ಟೆಗೆ ನಾನೇ ಅಡ್ಡ ಕೂತಿದ್ದೇನೆ. ಏಳಲೂ ಆಗುತ್ತಿಲ್ಲ.

ಓದೋಣವೆಂದು ಬ್ಯಾಗಿನಿಂದ ನೋಟ್ಸ್ ತೆಗೆದೆ. ಜೂನ್‌ನಲ್ಲಿ ಇದಕ್ಕೆ ರಟ್ಟು ಹಾಕಿ, ಮೇಲೆ ನನ್ನ ಹೆಸರು ಬರೆದುಕೊಟ್ಟವಳು ತ್ರಿವೇಣಿ. ಒಂದು ಗಂಟೆಯಿಂದ ಆ ದುಂಡು ಅಕ್ಷರಗಳನ್ನೇ ನೋಡುತ್ತಿದ್ದೇನೆ. ಮೊದಲ ಪುಟವನ್ನೂ ತಿರುವಿಲ್ಲ.