ಐಸ್ ಫ್ಯಾಕ್ಟರಿಯಲ್ಲಿ ಬಿಚ್ಚಿದ ಸ್ವೆಟರ್

ಕೂಕಟ್‌ಪಲ್ಲಿ, ಹೈದರಾಬಾದ್
೨೩ ಮೇ ೨೦೦೪, ಭಾನುವಾರ

ನಿಖಿತಾಳ ಅಪ್ಪನವರಿಗೆ ಸುಮತಿಯ ನಮಸ್ಕಾರಗಳು.

ನಾವಿಬ್ಬರೂ ಚೆನ್ನಾಗಿದ್ದೇವೆ. ನೀವು ಹೇಗಿದ್ದೀರಿ ಎಂದು ಕೇಳುವುದಿಲ್ಲ. ವಿಜಾಪುರದಲ್ಲಿ ನಿಮ್ಮ ಅಣ್ಣನ ಮನೆಯಲ್ಲಿ ಊಟ, ನಿದ್ದೆ, ಇಸ್ಪೀಟು ಎಲ್ಲವೂ ಹೊತ್ತುಹೊತ್ತಿಗೆ ನಡೆಯುತ್ತಿವೆ ಎಂದು ನೀವೇ ಬರೆದಿದ್ದೀರಿ. ಅದೇ ಪತ್ರದಲ್ಲಿ ಒಂದು ಶರತ್ತನ್ನೂ ಹಾಕಿದ್ದೀರಿ. ಮಗಳು ಈ ಫ್ಯಾಷನ್ ಕೋರ್ಸು ಬಿಟ್ಟು ಅಮೀರ್‌ಪೇಟೆಯಲ್ಲಿ ಕಂಪ್ಯೂಟರ್ ಕ್ಲಾಸಿಗೆ ಸೇರಿದರೆ ನೀವು ಜೂನ್‌ನಲ್ಲಿ ಮನೆಗೆ ಮರಳುತ್ತೀರಂತೆ, ಇಲ್ಲದಿದ್ದರೆ ಇಲ್ಲವಂತೆ. ಓದಿ ನಗು ಬಂತು. ಎರಡು ವರ್ಷದ ಹಿಂದೆ, ‘ಪಕ್ಕದ ಮನೆಯ ದೀಪಕ ಹೈಟೆಕ್ ಸಿಟಿಯ ಸಾಫ್ಟ್‌ವೇರ್ ಕಂಪನಿ ಬಸ್ಸು ಹತ್ತುವಾಗ ನನ್ನ ಮಗಳು ದರ್ಜಿಯಾಗುತ್ತಾಳೆಯೇ’ ಎಂದು ಮುಖ ಊದಿಸಿಕೊಂಡು ಹೋದವರು ನೀವು. ಹೋದವರೇ ಮರಳಿ ಬರುವುದಕ್ಕೆ ಶರತ್ತು ಹಾಕುವುದನ್ನು ನಾನು ಇದೇ ಮೊದಲು ನೋಡಿದ್ದು.

ಉತ್ತರ ಕೊಡುತ್ತೇನೆ. ಅದಕ್ಕೆ ಮುಂಚೆ ಹೋದ ತಿಂಗಳು ನಡೆದದ್ದನ್ನು ಓದಿ, ಏಕೆಂದರೆ ಅದರಲ್ಲಿ ನಿಮ್ಮದೊಂದು ವಸ್ತು ಹಾಳಾಗಿದೆ.

ನಿಖಿತಾಳ ಕೊನೆಯ ವರ್ಷದ ಪರೀಕ್ಷೆ ಎಂದರೆ ಒಂದು ಫೋಟೋ ಶೂಟ್. ವಿಷಯ ಏನು ಗೊತ್ತೇ? ಉಣ್ಣೆಯ ಬಟ್ಟೆ. ಏಪ್ರಿಲ್ ತಿಂಗಳಲ್ಲಿ, ಹೈದರಾಬಾದಿನಲ್ಲಿ! ಫ್ಯಾನಿನ ಗಾಳಿಯೇ ಮೈ ಸುಡುವಾಗ ಇವರಿಗೆ ಚಳಿಗಾಲ ಬೇಕಂತೆ. ಇದನ್ನು ಕಲಿಸುವುದಕ್ಕೂ ಮೇಷ್ಟ್ರುಗಳಿದ್ದಾರೆ, ಅವರಿಗೆ ಸಂಬಳವೂ ಇದೆ. ಫೋಟೋ ತೆಗೆಯುವವನು ಋಷಭ್ ಎಂಬ ಹುಬ್ಬಳ್ಳಿಯ ಹುಡುಗ. ಅಪ್ಪ ಕೊಡಿಸಿದ ದೊಡ್ಡ ಕ್ಯಾಮೆರಾ ಕೊರಳಿಗೆ ಹಾಕಿಕೊಂಡು, ಬಾಯಿ ತೆರೆದರೆ ‘ಕಾನ್ಸೆಪ್ಟ್’ ಎನ್ನುತ್ತಾನೆ. ಆ ಶಬ್ದ ತೆಗೆದುಬಿಟ್ಟರೆ ಅವನಿಗೆ ಮಾತೇ ಇಲ್ಲ. ನಿಮ್ಮ ಮಗಳದು ಸ್ಟೈಲಿಂಗ್. ಯಾರಿಗೆ ಯಾವ ಬಣ್ಣ, ತೋಳು ಎಷ್ಟು ಮಡಿಸಬೇಕು, ಕೂದಲು ಕಟ್ಟಬೇಕೋ ಬಿಡಬೇಕೋ, ಎಲ್ಲ ಅವಳ ಲೆಕ್ಕ. ನಮ್ಮ ನಡುಮನೆಯ ಗೋಡೆ ತುಂಬ ಪತ್ರಿಕೆಯ ಚಿತ್ರ ಕತ್ತರಿಸಿ ಅಂಟಿಸಿದ್ದಳು, ಒಂದೊಂದರ ಪಕ್ಕಕ್ಕೆ ಒಂದೊಂದು ಎಳೆ ಉಣ್ಣೆ. ನಿಮ್ಮ ಫ್ಯಾಕ್ಟರಿಯವರು ಕೊಟ್ಟ, ನೀವು ತೂಗುಹಾಕಿದ್ದ ಹಳೆಯ ಕ್ಯಾಲೆಂಡರನ್ನೂ ಆಗಲೇ ಕಿತ್ತು ಎಸೆದಳು. ನಾನು ತಡೆಯಲಿಲ್ಲ.

ಟೆರೇಸಿನ ಮೇಲೆ ಒಮ್ಮೆ ಪ್ರಯತ್ನಿಸಿ ನೋಡಿದರು. ಮಾಡೆಲ್ ಆಗಿದ್ದ ವರ್ಷಾಳ ಮುಖದ ಬಣ್ಣವೆಲ್ಲ ಬೆವರಿಗೆ ಕರಗಿ ಸ್ವೆಟರಿನ ಕೊರಳಿಗೆ ಇಳಿಯಿತು. ಎಲ್ಲರೂ ತಲೆಯ ಮೇಲೆ ಕೈಹೊತ್ತು ಕುಳಿತರು. ಆಗ ನಾಚಾರಂನಲ್ಲಿ ಐಸ್ ಫ್ಯಾಕ್ಟರಿ ನಡೆಸುವ ಸಿಂದಗಿ ಕಡೆಯ ಗೊಲ್ಲಾಳಪ್ಪನ ಹತ್ತಿರ ನಾನೇ ಹೋಗಿ ಕೇಳಿದೆ. “ಫೋಟೋ ಬೇಕಾದಷ್ಟು ತಕ್ಕೋರಿ ಅಕ್ಕಾರ, ಆದ್ರ ಐಸ್ ಮ್ಯಾಲೆ ಯಾರೂ ನಿಂದ್ರಬ್ಯಾಡ್ರಿ, ಅದನ್ನ ಮಂದಿ ಕುಡೀತಾರ” ಎಂದ. ಲಾರಿಗಳು ಬರುವ ಮುಂಚೆ, ಮಧ್ಯಾಹ್ನದೊಳಗೆ ಮುಗಿಸಬೇಕೆಂದು ಹೇಳಿ ಜಾಗ ಕೊಟ್ಟ. ಇಷ್ಟು ಜನ ಓದಿದವರ ನಡುವೆ ಬುದ್ಧಿ ಇರುವವಳು ನಾನೊಬ್ಬಳೇ ಎಂದು ಬೀಗಿದೆ. ಆ ಬೀಗುವಿಕೆ ಹೆಚ್ಚು ಹೊತ್ತು ಉಳಿಯಲಿಲ್ಲ.

ಶೂಟಿನ ಹಿಂದಿನ ದಿನ ನಿಖಿತಾ ಮುಖ್ಯವಾದ ಸ್ವೆಟರನ್ನು ಮನೆಗೆ ತಂದು ಕುರ್ಚಿಯ ಮೇಲೆ ಹಾಕಿ, ಚಪ್ಪಲಿ ಬಾಡಿಗೆಗೆ ತರಲು ಹೋದಳು. ಬಿಳಿಯದು, ಕಾಲೇಜಿನಲ್ಲೇ ಕೂತು ಅವಳೇ ಹೆಣೆದದ್ದು, ನಾನು ಅಂದೇ ಮೊದಲು ಕಂಡದ್ದು. ನೋಡಿದರೆ ಎದೆಯ ಮೇಲೆ, ಬೆನ್ನ ಮೇಲೆ ತೂತು, ಅಂಚಿನಲ್ಲಿ ಕುಣಿಕೆಗಳು ಜೋತಾಡುತ್ತಿವೆ. ಅಯ್ಯೋ, ಇಲಿ ಕಡಿಯಿತೇನೋ, ಹುಡುಗಿಗೆ ತಿಳಿದಿಲ್ಲ ಎಂದುಕೊಂಡೆ. ನನ್ನ ಕೈ ನಿಮಗೆ ಗೊತ್ತು. ಫ್ಯಾಕ್ಟರಿ ಕ್ವಾರ್ಟರ್ಸಿನಲ್ಲಿದ್ದಾಗ ನಮ್ಮ ಹೆಂಗಸರಲ್ಲಿ ಯಾರೂ ಜಾರಿದ ಕುಣಿಕೆಯನ್ನು ಹಾಗೇ ಬಿಟ್ಟವರಲ್ಲ, ಪಕ್ಕದವರ ಮಗುವಿನ ಟೊಪ್ಪಿಗೆಯಾದರೂ ಸರಿ, ಕಸಿದುಕೊಂಡು ಸರಿಮಾಡುತ್ತಿದ್ದೆವು. ಕುಳಿತು ಒಂದೊಂದೇ ತೂತನ್ನು ಮುಚ್ಚಿದೆ. ಅಂಚು ಕಟ್ಟಿದೆ. ಅಂಟುವಾಳದ ನೀರಿನಲ್ಲಿ ತೊಳೆದು, ಒಣಗಿಸಿ, ಮಡಿಸಿ ಕವರಿಗೆ ಹಾಕಿಟ್ಟೆ. ಅವಳಿಗೆ ಸಂತೋಷವಾಗಲಿ ಎಂದು ಹೇಳಲೂ ಇಲ್ಲ.

ಮರುದಿನ ಐಸ್ ಫ್ಯಾಕ್ಟರಿಯಲ್ಲಿ ಕವರು ತೆರೆದಾಗ ಋಷಭ್ ಕೂಗಿದ ಕೂಗಿಗೆ ಗೊಲ್ಲಾಳಪ್ಪನೇ ಓಡಿ ಬಂದ. ಆ ತೂತುಗಳೇ ಸ್ವೆಟರಂತೆ. ಎಲ್ಲಿ ಹರಿದಂತೆ ಕಾಣಬೇಕು, ಎಷ್ಟು ಹರಿದಂತೆ ಕಾಣಬೇಕು ಎಂದು ಇಡೀ ವರ್ಷ ಕೂತು ಮಾಡಿದ್ದಳಂತೆ. ತೂತನ್ನೂ ಓದಿ ಕಲಿತು ಹಾಕುತ್ತಾರೆ ಎಂದು ನನಗೇನು ಗೊತ್ತು? ಬಿಡಿಸಲು ನೋಡಿದರೆ ನನ್ನ ಗಂಟು ಬಿಡಬೇಕಲ್ಲ. ಹುಡುಗರೆಲ್ಲ ನನ್ನನ್ನು ಕೊಲೆಗಾತಿಯಂತೆ ನೋಡಿದರು. ನಿಖಿತಾ ಮಾತ್ರ ಸ್ವೆಟರನ್ನು ಮಡಿಸಿ ಮತ್ತೆ ಕವರಿಗೆ ಹಾಕಿದಳು. ಬೈದಿದ್ದರೆ ಸಹಿಸುತ್ತಿದ್ದೆ. ಆ ಫೋಟೋ ಆಗದಿದ್ದರೆ ಅವಳು ಫೇಲು, ನೀವು ಹೇಳಿದ್ದೇ ನಿಜವಾಗುತ್ತಿತ್ತು, ಅದೂ ನನ್ನ ಕೈಯಿಂದಲೇ.

ಚಳಿಗೆಂದು ನಾನು ನಿಮ್ಮ ಹಸಿರು ಸ್ವೆಟರ್ ಹಾಕಿಕೊಂಡು ಹೋಗಿದ್ದೆ. ಮದುವೆಯಾದ ವರ್ಷ ನಾನು ಹೆಣೆದದ್ದು, ಹೋಗುವಾಗ ನೀವು ಕಪಾಟಿನಲ್ಲೇ ಬಿಟ್ಟು ಹೋದದ್ದು. ನಿಖಿತಾ ಅದನ್ನೇ ನೋಡುತ್ತ ನಿಂತಳು. ಆಮೇಲೆ ಬಂದು ನನ್ನ ಮೈಮೇಲಿನಿಂದ ತೆಗೆದು ವರ್ಷಾಳಿಗೆ ತೊಡಿಸಿದಳು. ಒಂದು ತೋಳನ್ನು ಮೊಣಕೈವರೆಗೆ ಮಡಿಸಿ, ಇನ್ನೊಂದನ್ನು ಬೆರಳು ಮುಚ್ಚುವಂತೆ ಇಳಿಬಿಟ್ಟು, ಇಳಿಬಿಟ್ಟ ತೋಳಿನ ತುದಿಯನ್ನು ನನ್ನ ಕೈಗಿತ್ತು, “ಅಮ್ಮಾ, ಇದನ್ನ ಬಿಚ್ಚು” ಎಂದಳು. “ನಿಮ್ಮಪ್ಪಂದು ಐತಿ ಅದು” ಎಂದೆ. “ಅದಕ್ಕ ಹೇಳಾಕತ್ತೀನಿ” ಎಂದಳು.

ಆ ತೋಳನ್ನು ಭುಜದಿಂದ ಕೆಳಕ್ಕೆ ಹೆಣೆದಿದ್ದೆ, ಆದ್ದರಿಂದ ಮಣಿಕಟ್ಟಿನಿಂದಲೇ ಬಿಚ್ಚಿ ಬರುತ್ತದೆ. ಐಸ್ ಕಟ್ಟುವ ಖಾಲಿ ಡಬ್ಬವೊಂದನ್ನು ಬೋರಲು ಹಾಕಿ ಅದರ ಮೇಲೆ ಕುಳಿತು ಎಳೆದೆ. ಋಷಭ್ ಸಾಹೇಬರು, “ಆಂಟಿ, ನಿಮ್ಮ ಮುಖ ಬ್ಯಾಡ್ರಿ, ಕೈ ಅಷ್ಟ ಸಾಕು” ಎಂದರು. ನಿಖಿತಾ, “ಮುಖಾನೂ ಬೇಕು” ಎಂದಳು. ಬಂದು ನನ್ನ ಸೆರಗು ಸರಿಮಾಡಿದಳು. ಕನ್ನಡಕ ತೆಗೆದು ನೋಡಿ, ಮತ್ತೆ ಅವಳೇ ಹಾಕಿದಳು. ಮುಖಕ್ಕೆ ಪೌಡರು ಹಚ್ಚಗೊಡಲಿಲ್ಲ. ಇಪ್ಪತ್ತು ವರ್ಷದಲ್ಲಿ ಯಾರೂ ನನ್ನನ್ನು ಅಷ್ಟು ಹೊತ್ತು ನೋಡಿರಲಿಲ್ಲ. ನೀವಂತೂ ಇಲ್ಲ.

ಮೊದಲು ಸಂಕಟವಾಯಿತು, ನಿಜ. ಒಂದು ಚಳಿಗಾಲವಿಡೀ ಹೆಣೆದದ್ದು ಎಳೆದ ಹಾಗೆ ಎಳೆದ ಹಾಗೆ ಬರುತ್ತಿತ್ತು. ಆಮೇಲೆ ಹಿತವಾಗತೊಡಗಿತು. ತೋಳು ಭುಜದವರೆಗೆ ಬಿಚ್ಚಿದಾಗ ನಿಖಿತಾ ಸಾಕಮ್ಮ ಎಂದಳು. ಋಷಭ್ ಕ್ಯಾಮೆರಾ ಮುಚ್ಚಿದ. ವರ್ಷಾ ಸ್ವೆಟರ್ ತೆಗೆದುಕೊಟ್ಟು ಬಿಸಿಲಿಗೆ ಓಡಿದಳು. ನಾನು ನಿಲ್ಲಿಸಲಿಲ್ಲ. ಉಳಿದ ತೋಳು, ಎದೆ, ಬೆನ್ನು, ಎಲ್ಲವನ್ನೂ ಅಲ್ಲೇ ಕುಳಿತು ಬಿಚ್ಚಿದೆ. ಅದನ್ನು ಯಾರೂ ಕೇಳಿರಲಿಲ್ಲ. ಲಾರಿಯವರು ಐಸ್ ಹೊರುತ್ತ ನನ್ನನ್ನು ಸುತ್ತುಹಾಕಿಕೊಂಡು ಹೋಗುತ್ತಿದ್ದರು.

ಆ ಫೋಟೋ ಕ್ಲಾಸಿಗೇ ಮೊದಲು ಬಂತು. ತಿರುಪ್ಪೂರಿನ ಹೆಣಿಗೆ ಬಟ್ಟೆಯ ಕಂಪನಿಯೊಂದು ಅವಳನ್ನು ಕೆಲಸಕ್ಕೆ ಕರೆದಿದೆ. ಜೂನ್ ಮೊದಲ ವಾರ ಹೋಗುತ್ತಾಳೆ. ಆದ್ದರಿಂದ ನಿಮ್ಮ ಶರತ್ತನ್ನು ಪಾಲಿಸಲು ಇಲ್ಲಿ ಮಗಳೇ ಇರುವುದಿಲ್ಲ. ನೀವು ಬಂದರೆ ಮನೆಯಲ್ಲಿ ಇರುವವಳು ನಾನೊಬ್ಬಳೇ, ಮತ್ತು ನಾಲ್ಕು ಪುಟದ ನಿಮ್ಮ ಪತ್ರದಲ್ಲಿ ನನ್ನ ಬಗ್ಗೆ ಒಂದು ಮಾತೂ ಇಲ್ಲ.

ಇನ್ನು ಉತ್ತರ. ಶರತ್ತು ಹಿಡಿದುಕೊಂಡು ಬರುವುದಾದರೆ ಅಣ್ಣನ ಮನೆಯಲ್ಲೇ ಸುಖವಾಗಿರಿ. ನಾನು ಬಾಗಿಲು ತೆರೆಯುವುದಿಲ್ಲ. ಬೇರೆ ಯಾವುದಾದರೂ ಕಾರಣಕ್ಕೆ ಬರುವುದಿದ್ದರೆ ಆ ಕಾರಣವನ್ನು ಮೊದಲು ಬರೆದು ಕಳಿಸಿ. ಓದಿ ನೋಡುತ್ತೇನೆ. ಚೆನ್ನಾಗಿ ಬರೆಯಿರಿ, ಇಸ್ಪೀಟಿನ ನಡುವೆ ಗೀಚಬೇಡಿ.

ಇಂತಿ,
ಸುಮತಿ

ಮ.ವಿ.: ಬಿಚ್ಚಿದ ಉಣ್ಣೆಯನ್ನು ತೊಳೆದು, ಒಣಗಿಸಿ, ಉಂಡೆ ಸುತ್ತಿ ಇಟ್ಟಿದ್ದೇನೆ. ಅಪ್ಪನಿಗೇ ಮತ್ತೆ ಹೆಣಿ ಎಂದು ನಿಖಿತಾ ದಿನಾ ಪೀಡಿಸುತ್ತಾಳೆ. ಹಳೆಯ ಉಣ್ಣೆ, ಅಲ್ಲಲ್ಲಿ ಕಿತ್ತುಹೋಗಿದೆ, ನಿಮ್ಮ ಮೈಗೆ ಕಡಿಮೆ ಬೀಳುತ್ತದೆ ಎಂದು ಅವಳಿಗೆ ಹೇಳಿದ್ದೇನೆ. ಕಡಿಮೆ ಬೀಳುವುದಿಲ್ಲ.