ಅಕ್ಕನ ಹಾಡು, ತಂಗಿಯ ಚಿತ್ರ

ಪ್ರೀತಿಯ ಅಕ್ಕಾ,

ಮೊನ್ನೆ, ನೀನು ಹಾಡಿ ನಾನು ಚಿತ್ರ ಕಲಿಸುವ ನಮ್ಮ ಮೊದಲ ಆನ್‌ಲೈನ್ ತರಗತಿಯಲ್ಲಿ ಹಾಡುತ್ತಾ ಸ್ವರ ಒಡೆದದ್ದೇ ನೀನು ಕ್ಯಾಮೆರಾ ಆರಿಸಿ ಎದ್ದುಹೋದೆ. ಆಮೇಲೆ ಏನಾಯಿತೆಂದು ನಿನಗೆ ಗೊತ್ತಿಲ್ಲ. ಹಾಡು ಕೇಳುತ್ತಾ ನದಿ ಬಿಡಿಸುತ್ತಿದ್ದ ಮಕ್ಕಳೆಲ್ಲ ಕುಂಚ ಎತ್ತಿ ಹಿಡಿದು ಕೂತಿದ್ದರು. ನಾನು "ಮುಂದುವರಿಸ್ರೋ" ಎಂದೆ.

"ಹಾಡೇ ನಿಂತೋಯ್ತಲ್ಲ ಮಿಸ್, ನದಿ ಎಲ್ಲಿಗೆ ಹೋಗ್ಬೇಕು?" ಎಂದಳು ಒಬ್ಬಳು.

ಆಪರೇಷನ್ ಆದ ಗಂಟಲು ಹೀಗೇ ಇರುತ್ತದೆ, ಇರಲಿ. ಮುಂದಿನ ತರಗತಿಗಳ ಪೋಸ್ಟರನ್ನು ನಿನ್ನ ಫೋಟೊ ಹಾಕಿ, ನಿನ್ನನ್ನು ಕೇಳದೆಯೇ ಎಲ್ಲರಿಗೂ ಕಳಿಸಿಬಿಟ್ಟಿದ್ದೇನೆ. ಆ ಮಕ್ಕಳೆಲ್ಲ ಮತ್ತೆ ಸೇರಿದ್ದಾರೆ, ಗೆಳೆಯರನ್ನೂ ಕರೆತಂದಿದ್ದಾರೆ.

ಭಾನುವಾರದ ತರಗತಿಗೆ ಫೋನನ್ನು ಕಿಟಕಿಯ ಎದುರಿಗಿಡು, ಪಕ್ಕದಲ್ಲಿ ಬಿಸಿನೀರಿರಲಿ. ಸ್ವರ ಒಡೆದರೂ ಹಾಡು ನಿಲ್ಲಿಸಬೇಡ. ನನ್ನನ್ನು ಬೈಯುವುದಿದ್ದರೆ ತರಗತಿ ಮುಗಿದ ಮೇಲೆ ಬಾಯಿತುಂಬಾ ಬೈ.

ನಿನ್ನ ಮೊಂಡು ತಂಗಿ