ಬಾಗಿಲಿಗೆ ಅಂಟಿಸಿದ ಪಥ್ಯ

ಪಟ್ಟಾಂಬಿ
ಕರ್ಕಾಟಕ ಮಾಸ

ಶಂಕುಣ್ಣಿ ವೈದ್ಯರಿಗೆ, ಭಾರ್ಗವನ್ ಅವರ ಹೆಂಡತಿ ಪಂಕಜಾಕ್ಷಿಯ ನಮಸ್ಕಾರಗಳು.

ನಿಮ್ಮ ಎಣ್ಣೆ ಚಿಕಿತ್ಸೆಯಿಂದ ಇವರ ಸೊಂಟನೋವು ಇಳಿದಿದೆ. ಈಗ ಪಥ್ಯ ನಡೆಯುತ್ತಿದೆ. ಭಾರ ಎತ್ತಬಾರದು, ಗಾಳಿಗೆ ಕೂರಬಾರದು, ಸಿಟ್ಟು ಬರಬಾರದು, ಮನಸ್ಸಿಗೆ ಬೇಸರವಾಗಬಾರದು ಎಂದು ನೀವು ಬರೆದುಕೊಟ್ಟ ಚೀಟಿಯನ್ನು ಅತ್ತೆ ಅಡುಗೆಮನೆಯ ಬಾಗಿಲಿಗೇ ಅಂಟಿಸಿದ್ದಾರೆ.

ಔಷಧಿ ಗಂಜಿ ಬೇಯಿಸಿ, ಕಷಾಯ ಇಳಿಸಿ, ಸ್ನಾನಕ್ಕೆ ಸೊಪ್ಪು ಹಾಕಿ ನೀರು ಕಾಯಿಸುವಷ್ಟರಲ್ಲಿ ನನಗೆ ಮಧ್ಯಾಹ್ನವಾಗುತ್ತದೆ. ನಿನ್ನೆ ಗಂಜಿ ಸ್ವಲ್ಪ ತಳ ಹಿಡಿಯಿತು. ಇವರು ಬಟ್ಟಲು ಸರಿಸಿ, "ಇದನ್ನ ಹಸುವೂ ಮೂಸಲ್ಲ" ಅಂದರು. ನಾನು ಬಾಯಿ ತೆರೆಯುವ ಮೊದಲೇ ಅತ್ತೆ, "ಎದುರು ಮಾತಾಡ್ಬೇಡ ಕಣೇ, ಅವನು ಪಥ್ಯದಲ್ಲಿದಾನೆ" ಅಂದರು. ಹೋದ ವರ್ಷ ಅತ್ತೆಯ ಮಂಡಿಗೆ ಎಣ್ಣೆ ಹಚ್ಚಿಸಿದಾಗ ಅವರೂ ಪಥ್ಯದಲ್ಲಿದ್ದರು. ಆಗಲೂ ನಾನೇ ಸುಮ್ಮನಿದ್ದೆ.

ವೈದ್ಯರೇ, ಸೊಂಟ ನನಗೂ ನೋಯುತ್ತದೆ. ಬಾವಿಯಿಂದ ನೀರು ಸೇದುವವರಿಗೆ ಅದು ಇದ್ದದ್ದೇ, ಬಿಡಿ. ನನಗೆ ಎಣ್ಣೆ ಬೇಡ, ಕಷಾಯವೂ ಬೇಡ. ಅದನ್ನು ಕಾಯಿಸಬೇಕಾದವಳೂ ನಾನೇ. ಪಥ್ಯವನ್ನು ಮಾತ್ರ ನನ್ನ ಹೆಸರಿನಲ್ಲಿ ಒಂದು ಚೀಟಿಯಲ್ಲಿ ಬರೆದು, ಇವರ ಎಣ್ಣೆಯ ಬಾಟಲಿಯ ಜೊತೆ ಕಳಿಸಿಕೊಡಿ. ಬೇಸರದ ಆ ಸಾಲನ್ನು ಮರೆಯಬೇಡಿ.

ಅಕ್ಷರ ದೊಡ್ಡದಾಗಿರಲಿ. ಅತ್ತೆಗೆ ಕಣ್ಣು ಮಂಜು.

ಇಂತಿ,
ಪಂಕಜಾಕ್ಷಿ